ಗಟ್ಟಿ ಕತ್ತಿಗೊಂದು ಕುಣಿತ

ಬೆಳಗ್ಗೆ ಆರು ಗಂಟೆ. ಇಟ್ಟಮಡುವಿನ ಹಿಟ್ಟಿನ ಗಿರಣಿ ಇನ್ನೂ ಬಾಗಿಲು ತೆರೆದಿಲ್ಲ, ಅದರ ಮೇಲಿನ ಮಹಡಿಯ ಡಾನ್ಸ್ ಹಾಲಲ್ಲಿ ಆಗಲೇ ತಮಟೆಯ ರೆಕಾರ್ಡಿಂಗ್ ಶುರು. ಪಕ್ಕದ ಮನೆಯವರ ಶಾಪ ಕಿಟಕಿಯಿಂದಲೇ ಕೇಳುತ್ತಿದೆ. ದುಪಟ್ಟಾ ಸೊಂಟಕ್ಕೆ ಬಿಗಿದ ಸುಧಾಮಣಿ, ತನಗಿಂತ ಎತ್ತರದ ಬಿದಿರಿನ ಚೌಕಟ್ಟು ತಲೆ ಮೇಲೆ ಹೊತ್ತು ಹೆಜ್ಜೆ ಹಾಕುತ್ತಿದ್ದಾರೆ. "ಇರಿ ಸಾರ್, ಕತ್ತು ಅಲ್ಲಾಡ್ಸೋ ಹಾಗಿಲ್ಲ, ಈಗ ಮಾತಾಡಕ್ಕಾಗಲ್ಲ" ಅಂತ ಪತ್ರಿಕೆಗೆ ಮಾತಾಡಿಸಲು ಹೋದ ನನಗೆ ಹೇಳುತ್ತಾ ಮಾತಾಡುತ್ತಲೇ ಇದ್ದಾರೆ!

ಟಿವಿಯ ಸೆಲೆಬ್ರಿಟಿ ಡಾನ್ಸ್ ಶೋ ನೋಡುವ ನಾವು ಸ್ಪರ್ಧಿಗೆ ಚಪ್ಪಾಳೆ, ಜಡ್ಜ್‌ಗೆ ಬೈಗುಳ ಕೊಟ್ಟು ಮಲಗುತ್ತೇವೆ. ಈ ವಾರ ಯಾರಿಗೆ ಯಾವ ಸ್ಟೈಲ್ ಅಂತ ತಲೆ ಕೆಡಿಸಿಕೊಳ್ಳುವವರು ಈ ಸಹಾಯಕ ನೃತ್ಯ ಸಂಯೋಜಕಿ. ಸಿನಿಮಾಗಳಲ್ಲಿ ನಾಯಕಿಯ ಹಿಂದೆ ಕೊನೆ ಸಾಲಿನಲ್ಲಿ ಕುಣಿದವರು, ಮಂಡಿ ಕೈಕೊಟ್ಟ ಮೇಲೆ ಕಲಿಸಲು ನಿಂತರು. ಇವರ ಸ್ಪರ್ಧಿ ಒಬ್ಬರೂ ಈವರೆಗೆ ಫೈನಲ್ ಮುಟ್ಟಿಲ್ಲ.

ಈ ಸಲ ಸಿಕ್ಕಿರುವುದು ಬೇಗೂರಿನ ನಂದಕುಮಾರ್, ಧಾರಾವಾಹಿಗಳ ಖಾಯಂ ಅಪ್ಪ. ಮೊದಲ ದಿನ ಸುಧಾಮಣಿ ಅವರನ್ನು ಕುಣಿಸಲೇ ಇಲ್ಲ, ಕೆಳಗಿನಿಂದ ಟೀ ತರಲು ಕಳಿಸಿದರು. ಎಲ್ಲರಿಗೂ ಅದೇ ಪರೀಕ್ಷೆ. "ಡಾನ್ಸ್ ಮಾಡಿ ಅಂದ್ರೆ ಎಲ್ರೂ ನಾಟ್ಕ ಮಾಡ್ತಾರೆ. ಟೀ ತನ್ನಿ ಅಂದ್ರೆ ನಿಜವಾದ ನಡಿಗೆ ಕಾಣುತ್ತೆ." ಕಡಿದಾದ ಮೆಟ್ಟಿಲಲ್ಲೂ ಒಂದು ತೊಟ್ಟು ಚೆಲ್ಲಲಿಲ್ಲ. ಆದರೆ ಕತ್ತು ಮಾತ್ರ ಕಲ್ಲುಕಂಬ.

ಸಾಲ್ಸಾದಲ್ಲಿ ಅವರನ್ನು ನಿಲ್ಲಿಸಿ ಜೊತೆಗಾತಿ ಸಿರಿಯನ್ನೇ ಸುತ್ತ ತಿರುಗಿಸಿದರು. ಹಿಪ್‌ಹಾಪ್‌ನಲ್ಲಿ ಟೋಪಿ ಹಾಕಿ ಮುಚ್ಚಿದರು. ಎಂಥ ಕಿಲಾಡಿ ಹೆಂಗಸು! ಕಳೆದ ವಾರ ಜಡ್ಜ್‌ಗಳು ಹಿಡಿದೇಬಿಟ್ಟರು: ಕತ್ತು ಗಟ್ಟಿ. "ಸರಿ, ಗಟ್ಟಿ ಕತ್ತೇ ಬೇಕಾಗೋ ಕುಣಿತ ಯಾವ್ದು ಅಂತ ಯೋಚ್ನೆ ಮಾಡ್ದೆ" ಅನ್ನುತ್ತಾರೆ. ಸಿಕ್ಕಿದ್ದು ಪೂಜಾ ಕುಣಿತ. ತಲೆ ಮೇಲೆ ಹೊತ್ತ ಬಿದಿರಿನ ಚೌಕಟ್ಟು, ಅಂದರೆ 'ಪೂಜೆ', ಅಲುಗದಂತೆ ಕಾಲು ಮಾತ್ರ ಕುಣಿಯಬೇಕು.

ಮುಖ್ಯ ಸಂಯೋಜಕ ರವಿಕಿರಣ್ ಒಪ್ಪಲಿಲ್ಲ. "ಇದು ಫೈನಲ್ ಐಟಂ ಸುಧಾ, ಸೆಮಿಫೈನಲ್‌ಗೇ ಯಾಕೆ ಖರ್ಚು ಮಾಡ್ತೀಯಾ? ಸೋತ್ರೆ ಮುಂದಿನ ಸೀಸನ್‌ಗೆ ಕರಿಯಲ್ಲ ನೋಡು." ಒಳ್ಳೆಯದನ್ನು ಫೈನಲ್‌ಗೆ ಎತ್ತಿಡುವುದು ಡಾನ್ಸ್ ಶೋಗಳ ಹಳೇ ಚಾಳಿ. ಕಳೆದ ಸೀಸನ್‌ನಲ್ಲಿ ವಾರ್ತಾವಾಚಕಿ ಸಂಗೀತಾಗೆ ಕಂಸಾಳೆಯನ್ನು ಹೀಗೇ ಎತ್ತಿಟ್ಟಿದ್ದರು. ಆಕೆ ಸೆಮಿಫೈನಲ್‌ನಲ್ಲೇ ಮನೆಗೆ ಹೋದಳು, ಕಂಸಾಳೆ ಯಾರೂ ನೋಡಲಿಲ್ಲ. "ಹಸಿದಾಗ ಬಡಿಸ್ದೆ ಹಬ್ಬಕ್ಕೆ ಅಂತ ಇಟ್ರೆ ಪಾಯಸ ಹಳಸುತ್ತೆ ಮಾಸ್ಟ್ರೇ" ಅಂದ ಸುಧಾಮಣಿ ಪಟ್ಟು ಬಿಡಲಿಲ್ಲ.

ಶೂಟಿಂಗ್ ದಿನ ನಂದಕುಮಾರ್ ಪೂಜೆಯ ಕಟ್ಟನ್ನು ಮತ್ತೆ ಮತ್ತೆ ಎಳೆದು ನೋಡುತ್ತಿದ್ದಾರೆ. "ಬಿದ್ದೋದ್ರೆ ಏನ್ ಗತಿ ಮೇಡಂ?"

"ಬಿದ್ರೆ ಇಬ್ರೂ ಮನೆಗೆ ಹೋಗೋಣ ಸಾರ್, ನಡೀರಿ."

ತಮಟೆ ಬಡಿಯುತ್ತದೆ. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಪೂಜೆ ಕೂದಲೆಳೆಯಷ್ಟೂ ಅಲುಗುತ್ತಿಲ್ಲ. ಜಡ್ಜ್‌ಗಳು ಎದ್ದು ನಿಂತರು. ಪರದೆಯ ಹಿಂದೆ ಸುಧಾಮಣಿ ಗೊಳೋ ಅಂತ ಅಳುತ್ತಿದ್ದಾರೆ. ನಂದಕುಮಾರ್ ಫೈನಲ್‌ಗೆ!

ಮಾರನೆಯ ದಿನ ಕೆಟ್ಟ ಕುತೂಹಲಕ್ಕೆ ಕೇಳಿಯೇಬಿಟ್ಟೆ: ಇದ್ದಿದ್ದೆಲ್ಲಾ ಬಡಿಸಿ ಆಯ್ತಲ್ಲ, ಫೈನಲ್‌ಗೆ ಏನು ಮೇಡಂ?

"ಏನೂ ಹೊಳೀತಿಲ್ಲ ಸಾರ್, ರಾತ್ರಿಯೆಲ್ಲಾ ನಿದ್ದೆ ಇಲ್ಲ" ಅಂದರು, ಮುಖದ ತುಂಬ ನಗು. "ಇಷ್ಟು ವರ್ಷದಲ್ಲಿ ಫೈನಲ್‌ಗೆ ಏನಪ್ಪಾ ಅನ್ನೋ ಚಿಂತೆ ನಂಗೆ ಬಂದೇ ಇರ್ಲಿಲ್ಲ. ಇದೊಂದು ಚಿಂತೆ ಬರ್ಲಿ ಅಂತಾನೇ ಕಾಯ್ತಿದ್ದೆ."