ಇಟ್ಟಿಗೆ ಅತ್ತೆ

ಜೋರು ಮಳೆ ಬಂದಾಗ ಊರಿನ ನೀರೆಲ್ಲ ಮೊದಲು ನುಗ್ಗುವುದು ಬಾಡಿಗೆ ಕಡಿಮೆ ಇರುವ ಮನೆಗೇ. ತಗ್ಗಿನ ಓಣಿಯ ಕೊನೆಯಲ್ಲಿ ಬಾಡಿಗೆಗಿರುವ ಹೊಲಿಗೆಯಾಕೆಯನ್ನು ಎಲ್ಲರೂ ಇಟ್ಟಿಗೆ ಅತ್ತೆ ಎನ್ನುತ್ತಾರೆ. ವರ್ಷದಿಂದ ವರ್ಷಕ್ಕೆ ಮಳೆ ಬಿರುಸಾದಂತೆ ಅವರ ಮನೆಯ ಸಾಮಾನೂ ಮೇಲೇರುತ್ತಾ ಬಂದಿದೆ. ಹೊಲಿಗೆ ಯಂತ್ರ ಮೂರು ಇಟ್ಟಿಗೆಯ ಮೇಲಿದೆ, ಮಂಚ ನಾಲ್ಕರ ಮೇಲೆ, ಫ್ರಿಜ್ ಐದರ ಮೇಲೆ. ಎಲ್ಲೇ ಮನೆ ಕಟ್ಟುತ್ತಿರಲಿ, ಅತ್ತೆ ನಿಂತು ಮೇಸ್ತ್ರಿಯ ಯೋಗಕ್ಷೇಮ ವಿಚಾರಿಸುತ್ತಾರೆ. ವಾಪಸು ಬರುವಾಗ ಚೀಲ ಭಾರವಾಗಿರುತ್ತದೆ. "ಫ್ರಿಜ್ ಕೆಳಗೆ ಇನ್ನೊಂದು ಇಟ್ರೆ ಹಾಲು ತೆಗೆಯೋಕೆ ಏಣಿ ಬೇಕಾಗುತ್ತೆ, ಅತ್ತೆ" ಎಂದು ಸೊಸೆ ಕಾಲೆಳೆದರೆ, "ನೀರು ನಿನ್ನ ಕೇಳ್ಕೊಂಡು ಬರುತ್ತಾ ಏನೇ? ಸುಮ್ನೆ ಆ ಕಡೆ ಎತ್ತು" ಎನ್ನುತ್ತಾರೆ. ಕಳೆದ ಸಲ ನೀರಿಳಿದ ಮೇಲೆ ಹಾನಿಯ ಲೆಕ್ಕ ತೆಗೆಯಲು ಬಂದ ಅಧಿಕಾರಿ ಈ ಏರ್ಪಾಡು ನೋಡಿ ತಲೆದೂಗಿದ. "ಭೇಷ್ ಅಮ್ಮಾ, ಚೆನ್ನಾಗಿ ಹೊಂದ್ಕೊಂಡಿದ್ದೀರಿ" ಎಂದು ಹೊಗಳಿ, ಹಾನಿ ಇಲ್ಲವೆಂದು ಬರೆದು, ಓಣಿಯ ಚರಂಡಿ ಅಗಲ ಮಾಡುವ ಕೆಲಸವನ್ನು ವಾರ್ಡಿನ ಕಾಮಗಾರಿ ಪಟ್ಟಿಯಿಂದಲೇ ಹೊಡೆದುಹಾಕಿದ. ಅತ್ತೆ ಮಲಗುವ ರೀತಿಯನ್ನು ಮಾತ್ರ ಆತ ನೋಡಲಿಲ್ಲ. ಮೊಮ್ಮಗಳನ್ನು ಗೋಡೆಯ ಕಡೆ ಮಲಗಿಸಿ, ತಾವು ಮಂಚದ ಅಂಚಿಗೆ ಸರಿದು, ಒಂದು ಕೈಯನ್ನು ಕೆಳಗೆ ಇಳಿಬಿಡುತ್ತಾರೆ. ನೀರೇರಿದರೆ ಬೆರಳಿಗೆ ತಾಗಿ ಎಚ್ಚರವಾಗಲಿ ಎಂದು. ಇದಕ್ಕೆ ಹೊಂದಿಕೊಳ್ಳುವುದು ಎನ್ನುತ್ತಾರಂತೆ. ಮುಂದಿನ ವಾರ್ಡ್ ಸಭೆಗೆ ನೀವು ಹೋಗಿ. ಅಧಿಕಾರಿಗಳು ಆ ಚರಂಡಿಯನ್ನು ಮತ್ತೆ ಪಟ್ಟಿಗೆ ಸೇರಿಸಿ, ಕೆಲಸ ಶುರುವಾಗುವ ತಾರೀಕು ಬರೆದುಕೊಡುವ ತನಕ ಕುರ್ಚಿ ಬಿಟ್ಟು ಏಳಬೇಡಿ.