ಶೋಕೇಸಿನಲ್ಲಿ ನಿಂತ ಮೆರವಣಿಗೆ

ಬ್ಯಾಡಗಿಯ ದುರ್ಗೇಶ ಮದುವೆ ಫೋಟೊ ತೆಗೆದು ಹೊಟ್ಟೆ ಹೊರೆಯುತ್ತಿದ್ದ. ನಮ್ಮ ರೈತ ಸಂಘದ ಪಂಜಿನ ಮೆರವಣಿಗೆಗೆ ಮಾತ್ರ ಪುಕ್ಕಟೆ ಬರುತ್ತಿದ್ದ. ಆದರೆ ಅವನ ಹಳೆಯ ಕ್ಯಾಮೆರಾದಲ್ಲಿ ಬೆಂಕಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಸಂಘದ ಮಾಲತೇಶಪ್ಪ ಕಾಡಿಸುತ್ತಿದ್ದ: "ನಮ್ಮ ಮಾರಿ ಎಲ್ಲಿ ಅದಾವೋ ತಮ್ಮಾ? ದೆವ್ವದ ಹಿಂಡು ಕಂಡಂಗ ಕಾಣತೈತಿ."

ಆ ಮಾತು ನಾಟಿತೋ ಏನೋ, 2009ರಲ್ಲಿ ದುರ್ಗೇಶ ಫ್ಲ್ಯಾಶ್ ಇಲ್ಲದೆ ಕತ್ತಲಲ್ಲೂ ತೆಗೆಯುವ ಫುಲ್ ಫ್ರೇಮ್ ಡಿಜಿಟಲ್ ಕ್ಯಾಮೆರಾ ತಂದ. ಮೆಣಸಿನಕಾಯಿ ದರಕ್ಕಾಗಿ ನಾವು ಪಂಜು ಹಿಡಿದ ಸಂಜೆ, ಮಾಲತೇಶಪ್ಪನ ಮುರಿದ ಹಲ್ಲೂ ಕಾಣುವಷ್ಟು ಸ್ಪಷ್ಟವಾಗಿ ಫೋಟೊ ಬಂತು. ದುರ್ಗೇಶ ಹಿಗ್ಗಿ, ದೊಡ್ಡ ಪ್ರಿಂಟ್ ಹಾಕಿಸಿ, ಸ್ಟುಡಿಯೊದ ಗಾಜಿನ ಶೋಕೇಸಿನಲ್ಲಿ ಮದುಮಕ್ಕಳ ನಡುವೆ ನಿಲ್ಲಿಸಿದ.

ಮೆರವಣಿಗೆಯ ಆ ಸಂಜೆ ಯಾರೋ ಬಸ್ಸಿಗೆ ಕಲ್ಲು ಹೊಡೆದಿದ್ದರು. ಯಾರೆಂದು ಪೊಲೀಸರಿಗೆ ಗೊತ್ತಿರಲಿಲ್ಲ. ಶೋಕೇಸಿನ ಮುಂದೆ ನಿಂತು, ಒಂದೊಂದೇ ಮುಖಕ್ಕೆ ಹೆಸರು ಕೇಳಿಕೊಂಡು, ಮಾಲತೇಶಪ್ಪನನ್ನೂ ಸೇರಿಸಿ ಸಿಕ್ಕವರನ್ನೆಲ್ಲ ಎತ್ತಿಕೊಂಡು ಹೋದರು.

ಮಾಲತೇಶಪ್ಪನ ಹೆಂಡತಿ ಮಂಗಳವ್ವ ಸ್ಟುಡಿಯೊಕ್ಕೇ ಬಂದಳು. "ಭಾಳ ಚಂದ ತಗದೀಯಪಾ. ಪೊಲೀಸರಿಗೆ ಹುಡುಕೋ ತ್ರಾಸ ತಪ್ಪಿಸಿದಿ."

"ನಾ ಬೇಕಂತ ಮಾಡಿಲ್ಲಬೇ ಯಕ್ಕಾ," ಎಂದ ದುರ್ಗೇಶ. ಅದು ಖರೇ. ಫೋಟೊ ಆಗಲೇ ಇಳಿಸಿದ್ದ. ಇಳಿಸಿ ಏನು ಬಂತು?

ಜಾಮೀನಿನ ಮೇಲೆ ಹೊರಬಂದವರು ಮತ್ತೆ ಪಂಜು ಹಿಡಿದಾಗ ದುರ್ಗೇಶನೂ ಬಂದ. ಅವನ ಕೊರಳಲ್ಲಿ ಕ್ಯಾಮೆರಾ ಕಂಡದ್ದೇ ಎಲ್ಲರೂ ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡರು. ಮಾಲತೇಶಪ್ಪ ಅಂದ: "ನೀ ಬಾ. ಅದನ್ನ ಮನ್ಯಾಗ ಇಟ್ಟು ಬಾ."

ದುರ್ಗೇಶ ಮನೆ ಕಡೆ ತಿರುಗಿದ. ಅವನಿಗೆಂದು ಎತ್ತಿಟ್ಟ ಪಂಜನ್ನು ಪೇಟೆ ದಾಟುವವರೆಗೂ ಹಚ್ಚದೆ ಹಿಡಿದುಕೊಂಡು ನಡೆದೆವು. ಅವನು ಬರಲಿಲ್ಲ.