ಕಣ್ಣು ಮುಚ್ಚಿ ಕೇಳುತ್ತಿದ್ದ ಕೋಚ್

ಕೈ ಕುಲುಕಿದರೆ ಅವರ ಉಂಗುರದ ಬೆರಳು ಮಡಚದೆ ನಮ್ಮ ಮಣಿಕಟ್ಟಿಗೆ ಚುಚ್ಚುತ್ತಿತ್ತು. ಆಟದ ನಡುವೆ ಮುರಿದದ್ದನ್ನು ಪಕ್ಕದ ಬೆರಳಿಗೆ ಕಟ್ಟಿಕೊಂಡು ಪಂದ್ಯ ಮುಗಿಸಿದ್ದರಂತೆ. ಅದನ್ನು ಹೇಳುವಾಗ ಗಹಗಹಿಸಿ ನಗುವರು. ಬ್ಯಾಸ್ಕೆಟ್‌ಬಾಲನ್ನೇ ಕಸುಬು ಮಾಡಿಕೊಂಡು, ಸಂಬಳಕ್ಕೆ ಆಡಲು ನೈರೋಬಿಯಿಂದ ಹೊರದೇಶಕ್ಕೆ ಹೋದ ಮೊದಮೊದಲ ಆಟಗಾರರಲ್ಲಿ ನಮ್ಮ ಕೋಚ್ ಒಬ್ಬರು. ಆಗ ಇಲ್ಲಿನ ಪತ್ರಿಕೆಗಳಲ್ಲಿ ಅವರ ಫೋಟೊ ಬರುತ್ತಿತ್ತು. ಆದರೆ ಆಡಿದ್ದು ನಾಲ್ಕೇ ವರ್ಷ. ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರೆ ಮಾತು ತಿರುಗಿಸುವರು. ನಾನು ಕಂಡಾಗ ಅವರಿಗೆ ಅರವತ್ತರ ಆಸುಪಾಸು; ನೈರೋಬಿಯ ಕಿಲೆಲೆಶ್ವಾ ಬಡಾವಣೆಯ ನಮ್ಮ ಫ್ಲ್ಯಾಟಿನ ಹಿಂದಿನ ಅಂಗಳದಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ಎಂಥ ಬಿಸಿಲಿದ್ದರೂ ಉದ್ದ ಪ್ಯಾಂಟೇ.

ಅವರ ಪಾಠದ ರೀತಿ ವಿಚಿತ್ರ. ಚೆಂಡು ಮುಟ್ಟುವ ಮೊದಲು ಪ್ರತಿಯೊಬ್ಬಳೂ ಬೆಂಚಿನಿಂದ ನೆಲಕ್ಕೆ ಜಿಗಿಯಬೇಕು. ಇವರು ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ಕೇಳುತ್ತಾ ನಿಲ್ಲುವರು. ಎರಡು ಪಾದಕ್ಕೂ ಸೇರಿ ಒಂದೇ ಮೆತ್ತನೆಯ ಸದ್ದು ಬರಬೇಕು. “ಹಾರೋದು ಎಲ್ಲರಿಗೂ ಬರುತ್ತೆ, ಇಳಿಯೋದನ್ನ ಕಲೀಬೇಕು” ಎನ್ನುವರು. ಇದೇನು ಆಟವೋ ಭಜನೆಯೋ ಎಂದು ನಾನು ಗಂಡನ ಹತ್ತಿರ ಗೇಲಿ ಮಾಡಿದ್ದುಂಟು.

ಕಳೆದ ವರ್ಷ ಫೈನಲ್ ಪಂದ್ಯದ ಬೆಳಿಗ್ಗೆ ನನ್ನ ಮಗಳು ಅನು ಜಿಗಿದಳು. ಕೋಚ್ ಕಣ್ಣು ತೆರೆದರು. “ಇನ್ನೊಮ್ಮೆ.” ಮತ್ತೆ ಜಿಗಿದಳು.

“ಎರಡು ಸದ್ದು ಬಂತು. ಎಡಗಾಲು ತಡವಾಗಿ ಇಳೀತಿದೆ. ನೀನು ಇವತ್ತು ಆಡೋದಿಲ್ಲ.”

ನನಗೆ ಮೈಯೆಲ್ಲ ಉರಿಯಿತು. ಮೈಸೂರಿನಿಂದ ಬಂದಿದ್ದ ಅತ್ತೆ ಮೊಮ್ಮಗಳ ಆಟ ನೋಡಲೆಂದೇ ರೇಷ್ಮೆ ಸೀರೆ ಉಟ್ಟು ಕೂತಿದ್ದರು. ಪಕ್ಕದ ಲ್ಯಾವಿಂಗ್ಟನ್ ಬಡಾವಣೆಯ ಶಾಲೆಯೊಂದಕ್ಕೆ ಆಟಗಾರ್ತಿಯರನ್ನು ಆರಿಸುವವರೂ ಅಂದೇ ಬರುವವರಿದ್ದರು.

“ನೋವಿದ್ಯೇನೇ?” ಎಂದೆ.

“ನೋ ಅಮ್ಮಾ, ಐ ಆಮ್ ಫೈನ್!”

“ಕೇಳಿದ್ರಲ್ಲ ಕೋಚ್? ಸದ್ದು ಕೇಳ್ಕೊಂಡು ನನ್ನ ಮಗಳ ಚಾನ್ಸ್ ಹಾಳು ಮಾಡ್ತೀರಾ?” ಎಂದು ಎಲ್ಲರೆದುರೇ ಕೂಗಾಡಿದೆ. ಗಂಡ “ಸ್ವಲ್ಪ ಸುಮ್ನಿರೇ” ಎಂದು ಕೈ ಹಿಡಿದೆಳೆದರೂ ಕೇಳಲಿಲ್ಲ.

ಕೋಚ್ ಬಗ್ಗಿ ಪ್ಯಾಂಟನ್ನು ಮೇಲಕ್ಕೆ ಸರಿಸಿದರು. ಮಂಡಿಯ ಉದ್ದಕ್ಕೂ ಹೊಲಿಗೆಯ ಗುರುತು.

“ಪೋಲೆ, ಮಾಮಾ” ಎಂದರು. ಸ್ವಾಹಿಲಿಯಲ್ಲಿ ಕ್ಷಮಿಸು ತಾಯಿ ಎಂದು ಅದರರ್ಥ. “ನಾನೂ ಹೀಗೇ, ಚೆನ್ನಾಗಿದ್ದೀನಿ ಅಂದಿದ್ದೆ. ಬೆರಳು ಮುರಿದಾಗಲೇ ಆಡಿದವನು, ಇದೇನು ಮಹಾ ಅಂದ್ಕೊಂಡೆ. ಇಂಜೆಕ್ಷನ್ ಚುಚ್ಚಿಸ್ಕೊಂಡು ಆಡಿದೆ. ಅದೇ ಕೊನೆಯ ಪಂದ್ಯ. ಅವತ್ತು ಆಡಬೇಡ ಅಂತ ನನ್ನನ್ನ ಕೂರಿಸೋರು ಯಾರೂ ಇರಲಿಲ್ಲ.”

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ನನ್ನ ಹೆಗಲಿಗೆ ಮುಖ ಒತ್ತಿ, “ನೋಯ್ತಿದೆ ಅಮ್ಮಾ, ಎರಡು ವಾರದಿಂದ” ಎಂದು ಅತ್ತಳು. ಹೆತ್ತವಳಿಗೆ ಗೊತ್ತಾಗದ್ದು ಅವರ ಕಿವಿಗೆ ಗೊತ್ತಾಗಿತ್ತು.

ಅಂದೇ ಸಂಜೆ ಸ್ಕ್ಯಾನ್ ನೋಡಿದ, ನಮ್ಮ ಮಂಗಳೂರು ಕಡೆಯವರೇ ಆದ ಇಲ್ಲಿನ ಡಾಕ್ಟರು, “ಮಂಡಿಯ ಲಿಗಮೆಂಟ್ ಸ್ವಲ್ಪ ಹರಿದಿದೆ, ಅಷ್ಟೇ. ಆಪರೇಷನ್ ಬೇಡ. ಇವತ್ತು ಆಡಿದ್ದಿದ್ರೆ ಪೂರ್ತಿ ಹೋಗ್ತಿತ್ತು ನೋಡಿ” ಎಂದರು. ಅಬ್ಬಾ! ಹೋದ ಜೀವ ಬಂದಂತಾಯಿತು.

ಮರುದಿನ ಒಂದು ಡಬ್ಬಿ ಚಕ್ಕುಲಿ ಹಿಡಿದು ಕ್ಷಮೆ ಕೇಳಲು ಹೋದೆ. ಕೋಚ್ ಒಂದನ್ನು ಕಟುಂ ಎಂದು ಕಡಿದು, “ಇದು ಎಷ್ಟು ಬೇಕಾದರೂ ಸದ್ದು ಮಾಡಲಿ” ಎಂದು ನಕ್ಕರು.

ಕೆಲವು ತಿಂಗಳ ನಂತರ, ಕಲಿಸುವುದು ಬಿಟ್ಟು ಅವರು ತಮ್ಮೂರಿಗೆ ಹೊರಡುವ ಹಿಂದಿನ ವಾರ, ಕಾಲು ವಾಸಿಯಾದ ಅನು ಮತ್ತೆ ಬೆಂಚು ಹತ್ತಿದಳು. ಕೋಚ್ ಬೆನ್ನು ತಿರುಗಿಸಿ ಕಣ್ಣು ಮುಚ್ಚಿದರು. ಪಕ್ಕದಲ್ಲಿ ನಿಂತು ನಾನೂ ಮುಚ್ಚಿದೆ.

ಒಂದೇ ಸದ್ದು. ನಾನು ಕಣ್ಣು ಬಿಡುವಷ್ಟರಲ್ಲಿ ಅವಳು ಚೆಂಡು ಹಿಡಿದು ಓಡುತ್ತಿದ್ದಳು.